ಎಣ್ಣೆ ಕುಡಿದ ಸ್ವಿಚ್ಚುಗಳು

ಹೋದ ತಿಂಗಳು ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನವರು ನನ್ನನ್ನು ಕರೆಸಿಕೊಂಡಿದ್ದರು. ಹೊಸದಾಗಿ ತಂದ ಹೊಲಿಗೆ ಮಿಷಿನ್ನು ಪೆಡಲ್ ತುಳಿದರೂ ತುಳಿದಿಲ್ಲವೆಂದೇ ಹಟ ಹಿಡಿದು ನಿಂತಿತ್ತು. ಪೆಡಲ್ ಬಿಚ್ಚಿ ನೋಡಿದೆ. ಒಳಗಿನ ಸಣ್ಣ ಸ್ವಿಚ್ಚಿನ ಎರಡು ತಗಡಿನ ಎಲೆಗಳ ನಡುವೆ ಎಣ್ಣೆಯ ಜಿಡ್ಡು, ಜಿಡ್ಡಿಗೆ ಅಂಟಿಕೊಂಡ ನೀಲಿ ಧೂಳು. ಮೂಗಿನ ಹತ್ತಿರ ಹಿಡಿದಾಗ ಅದೇ ಹಳೆಯ ವಾಸನೆ ಬಂತು. ಜೇಬಿನಿಂದ ಲಗ್ನಪತ್ರಿಕೆಯ ಒಂದು ಪಟ್ಟಿ ತೆಗೆದು, ಎಲೆಗಳ ನಡುವೆ ಇಟ್ಟು, ಮೆಲ್ಲಗೆ ಅದುಮಿ ಎಳೆದೆ. ಮೂರು ಸಲ ಎಳೆದ ಮೇಲೆ ಮಿಷಿನ್ನು ಓಡಿತು.

ಯೂನಿಟ್ಟಿನ ಸೂಪರ್‌ವೈಸರ್ ಹುಡುಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. "ಭಾರಿ ಐತಲ್ರೀ ಇದು! ಯಾರ್ ಕಲಿಸಿದ್ರು ನಿಮಗ?"

"ಯಾರ್ ಕಲಿಸ್ತಾರವ್ವಾ, ಎಲ್ಲಾ ಅನುಭವ" ಅಂದುಬಿಟ್ಟೆ.

ಆಮೇಲೆ ಅವಳು ತರಿಸಿದ ಚಹಾವನ್ನು ಕುಡಿಯದೆ ಹಾಗೇ ಇಟ್ಟು ಎದ್ದೆ. ಅದನ್ನು ನನಗೆ ಕಲಿಸಿದವಳ ಹೆಸರು ಜಯಮ್ಮ. ಎಂಟು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಅವಳ ಮೇಲೆ ನಾನೊಂದು ಸುಳ್ಳು ಹೇಳಿದ್ದೆ. ಈಗ ಅವಳಿಲ್ಲದ ಕಡೆ ಇನ್ನೊಂದು ಹೇಳಿದ್ದೆ. ಐವತ್ತಾರು ವರ್ಷದ ಗಂಡಸು, ಕನ್ನಡಕ ಹಾಕಿಕೊಂಡು, ತಲೆ ನೆರೆಸಿಕೊಂಡು, ಒಂದು ಹುಡುಗಿಯ ಮೆಚ್ಚುಗೆಗೆ ಹಲ್ಲು ಕಿರಿದಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಆ ಬೇಸಿಗೆಯಲ್ಲಿ ನಾನು ಗಾದಿಲಿಂಗಪ್ಪ ಸಾಹುಕಾರರ ಯೂನಿಟ್ಟಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಬಳ್ಳಾರಿಯಿಂದ ಕತ್ತರಿಸಿದ ಬಟ್ಟೆ ಬರುತ್ತಿತ್ತು, ನಮ್ಮಲ್ಲಿ ಪ್ಯಾಂಟಾಗಿ ಹೋಗುತ್ತಿತ್ತು. ಅರವತ್ತು ಮಿಷಿನ್ನಿಗೆ ನಾನೊಬ್ಬನೇ ವೈದ್ಯ. ನಮ್ಮ ಕಸುಬಿನಲ್ಲಿ ಯಾವ ರೋಗಕ್ಕೂ ಮೊದಲ ಮದ್ದು ಎಣ್ಣೆ. ಸದ್ದು ಮಾಡಿದರೆ ಎಣ್ಣೆ, ಬಿಗಿಯಾದರೆ ಎಣ್ಣೆ, ಕಾರಣ ತಿಳಿಯದಿದ್ದರಂತೂ ಎರಡು ತೊಟ್ಟು ಹೆಚ್ಚು. ಹೊಲಿಯುವ ಹೆಣ್ಣುಮಕ್ಕಳು ನನಗೆ 'ಎಣ್ಣಿ ತಿಪ್ಪೇಸ್ವಾಮಿ' ಎಂದೇ ಹೆಸರಿಟ್ಟಿದ್ದರು. ಹೊಸದಾಗಿ ಬಂದವರು ನನ್ನನ್ನು ಕುಡುಕನೆಂದು ತಿಳಿದು ದೂರ ಸರಿದು ಕೂರುತ್ತಿದ್ದರು. ನಾನೋ ಸೋಡಾ ಕುಡಿದರೂ ತಲೆ ಹಿಡಿದುಕೊಂಡು ಕೂರುವವನು.

ಸಾಹುಕಾರರಿಗೆ ಆಗಾಗ ಹೊಸ ಹುಚ್ಚು ಹಿಡಿಯುತ್ತಿತ್ತು. ಬೆಂಗಳೂರಿನಲ್ಲಿ ಯಾವುದೋ ಆಟದ ಹಾಲ್ ಮುಚ್ಚಿತೆಂದು ಕೇಳಿ, ಅಲ್ಲಿನ ಮೂರು ಪಿನ್‌ಬಾಲ್ ಮಿಷಿನ್ನುಗಳನ್ನು ಲಾರಿಗೆ ಹಾಕಿಸಿಕೊಂಡು ಬಂದರು. ಯೂನಿಟ್ಟಿನ ಪಕ್ಕದ ಗೋಡೌನು, ಬಸ್‌ಸ್ಟ್ಯಾಂಡಿಗೆ ಎದುರು, ಗೇಮ್ಸ್ ಹಾಲ್ ಆಯಿತು. ಮಿಷಿನ್ನಿನ ಜೊತೆಗೇ ಅದೇ ಲಾರಿಯ ಮುಂದಿನ ಸೀಟಿನಲ್ಲಿ ಜಯಮ್ಮ ಬಂದಳು. ಆರು ವರ್ಷ ಬೆಂಗಳೂರಿನಲ್ಲಿ ಅವುಗಳನ್ನು ನೋಡಿಕೊಂಡವಳು. ಮಡಕಶಿರಾ ತಾಲ್ಲೂಕಿನ ರೊಳ್ಳದ ಕಡೆಯ ಹೆಣ್ಣು. ಮೂವತ್ತೈದರ ಆಚೀಚೆ ವಯಸ್ಸು. ಗಂಡ ಬಿಟ್ಟು ಹೋಗಿದ್ದ. ಮಗಳು ಪವಿತ್ರ ಊರಲ್ಲಿ ಅಜ್ಜಿಯ ಹತ್ತಿರ ಏಳನೇ ಕ್ಲಾಸು ಓದುತ್ತಿದ್ದಳು.

ಪಿನ್‌ಬಾಲ್ ಅಂದರೆ ಏನೆಂದು ಆಗ ರಾಯದುರ್ಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಳಿಜಾರಾಗಿ ಇಟ್ಟ, ಗಾಜು ಮುಚ್ಚಿದ ಒಂದು ಮೇಜು. ಒಳಗೆ ಉಕ್ಕಿನ ಒಂದು ಚೆಂಡು. ಅದು ಕೆಳಗೆ ಉರುಳಿ ಬೀಳದಂತೆ ಎರಡು ಗುಂಡಿ ಒತ್ತಿ ಎರಡು ಸಣ್ಣ ಕೈಗಳಿಂದ ಮೇಲಕ್ಕೆ ಹೊಡೆಯುತ್ತಿರಬೇಕು. ಚೆಂಡು ತಾಗಿದಲ್ಲೆಲ್ಲ ದೀಪ ಹತ್ತುತ್ತದೆ, ಗಂಟೆ ಬಾರಿಸುತ್ತದೆ, ಅಂಕ ಏರುತ್ತದೆ. ಚಿತ್ರ ನೋಡಿ ಜನರೇ ಮೂರಕ್ಕೂ ಹೆಸರಿಟ್ಟರು. ಹುಲಿ, ಹಡಗು, ರೈಲು.

ಮೊದಲ ದಿನ ಜಯಮ್ಮ ಹುಲಿಯ ಮೇಜನ್ನು ಮೇಲಕ್ಕೆತ್ತಿ ಕೋಲು ಕೊಟ್ಟು ನಿಲ್ಲಿಸಿದಾಗ, ಅದರ ಹೊಟ್ಟೆಯೊಳಗಿನ ತಂತಿಗಳನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸರಿದದ್ದು ಅವಳಿಗೆ ಕಂಡಿತು. "ಎದರ್ಕೋಬ್ಯಾಡ್ರಣ್ಣ, ಬರ್ರಿ ಇಲ್ಲಿ" ಎಂದು ನಕ್ಕಳು.

ನಾನು ಹೆದರಿದ್ದೆನೆಂದು ಒಬ್ಬ ಹೆಣ್ಣು ಹೇಳಿದ್ದು ನನಗೆ ಹಿಡಿಸಲಿಲ್ಲ. ಆದರೆ ಕಲಿಯುವ ಆಸೆ ಇತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹಾಲಿಗೆ ಹೋಗಿ ಅವಳ ಪಕ್ಕ ಕೂರತೊಡಗಿದೆ. ಅವಳು ಬಚ್ಚಿಡುವ ಪೈಕಿಯಲ್ಲ. ಕೇಳಿದ್ದನ್ನೂ ಹೇಳುತ್ತಿದ್ದಳು, ಕೇಳದ್ದನ್ನೂ ಹೇಳುತ್ತಿದ್ದಳು.

"ಇದು ನೋಡ್ರಣ್ಣ, ಎರಡು ಎಲೆ. ಚೆಂಡು ಬಂದು ತಗುಲ್ತಾ ಇದ್ದಂಗೆ ಈ ಎಲೆ ಆ ಎಲೆಗೆ ಮುತ್ತು ಕೊಡ್ತೈತೆ. ಆಗ ಕರೆಂಟು ದಾಟ್ತೈತೆ. ಅಷ್ಟೇಯ. ಮಧ್ಯದಾಗೆ ಒಂದೀಟು ಕೊಳೆ ಕುಂತ್ರೆ ಮುತ್ತು ಕೊಟ್ರೂ ಕೊಟ್ಟಂಗಲ್ಲ."

ಕೆಲವು ಕಡೆ ಎಲೆಗಳಿರಲಿಲ್ಲ. ಒಂದು ಬದಿಯಿಂದ ಕಣ್ಣಿಗೆ ಕಾಣದ ಬೆಳಕು ಬಿಡುವ ಸಣ್ಣ ಬಲ್ಬು, ಎದುರಿಗೆ ಅದನ್ನು ನೋಡುತ್ತಿರುವ ಒಂದು ಕಣ್ಣು. ಚೆಂಡು ನಡುವೆ ಹಾದರೆ ಬೆಳಕು ತುಂಡಾಗಿ ಮಿಷಿನ್ನಿಗೆ ತಿಳಿಯುತ್ತಿತ್ತು. ಇನ್ನೊಂದು, ಎಡಗಡೆ ಮೂಲೆಯಲ್ಲಿ ಉಂಗುರದ ನಡುವೆ ತೂಗುತ್ತಿದ್ದ ತೂಕದ ಗುಂಡು. ಅದು ನಮ್ಮ ಗಾರೆ ಕೆಲಸದವರ ತೂಗುಗುಂಡಿನ ಹಾಗೇ ಇತ್ತು. ಆಡುವವರು ಚೆಂಡು ಉಳಿಸಿಕೊಳ್ಳಲು ಮೇಜನ್ನು ಜೋರಾಗಿ ಅಲುಗಿಸಿದರೆ ಗುಂಡು ಉಂಗುರಕ್ಕೆ ತಾಗಿ ಆಟ ಮುಗಿದುಹೋಗುತ್ತಿತ್ತು. ಡಿ. ಹಿರೇಹಾಳಿನ ಗಟ್ಟಿಮುಟ್ಟು ಆಳುಗಳು ಮೇಜನ್ನು ಎತ್ತಿಯೇ ಇಡುತ್ತಿದ್ದರು. ದೀಪ ಆರಿದ ಕೂಡಲೇ, "ನಾ ಮುಟ್ಟೇ ಇಲ್ರೀ ಅಕ್ಕಾ, ಆಣಿ ಮಾಡ್ತೀನಿ" ಎಂದು ಎರಡೂ ಕೈ ಎತ್ತಿ ತೋರಿಸುತ್ತಿದ್ದರು. ಜಯಮ್ಮ ಅವರ ಮುಖವನ್ನೇ ನೋಡಿ ನಗುತ್ತಿದ್ದಳು. ಆ ನಗು ನೋಡಿದರೆ ಎಂಥವನೂ ತಲೆ ತಗ್ಗಿಸುತ್ತಿದ್ದ.

ಆ ಬೇಸಿಗೆ ಹಗರಿ ಹೊಳೆಯ ಕಡೆಯಿಂದ ಬಿಸಿ ಗಾಳಿ ಮರಳನ್ನು ಹೊತ್ತು ತರುತ್ತಿತ್ತು. ಬೆಟ್ಟದ ಬಂಡೆಗಳು ಕಾದು, ಊರು ಸಂಜೆ ಏಳರವರೆಗೂ ಬೇಯುತ್ತಿತ್ತು. ಯೂನಿಟ್ಟಿನ ಕಿಟಕಿಯಿಂದ ಜೀನ್ಸ್ ಬಟ್ಟೆಯ ನೀಲಿ ಧೂಳು ಹಾಲಿಗೂ ಬಂದು ಗಾಜಿನ ಮೇಲೆ ಕೂರುತ್ತಿತ್ತು. ದಿನವೂ ಯಾವುದಾದರೊಂದು ಸ್ವಿಚ್ಚು ಮುನಿಸಿಕೊಳ್ಳುತ್ತಿತ್ತು. ಅದಕ್ಕೆ ಜಯಮ್ಮನ ಮದ್ದು ಲಗ್ನಪತ್ರಿಕೆ. ನಮ್ಮ ಊರಲ್ಲಿ ಆ ಕಾಲದಲ್ಲಿ ಅದಕ್ಕೇನು ಬರ, ದಿನಕ್ಕೊಂದು ಬರುತ್ತಿತ್ತು. ದಪ್ಪ ಕಾಗದ ನೋಡಿ ಕಡ್ಡಿಯಷ್ಟು ಅಗಲಕ್ಕೆ ಕತ್ತರಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿ ಇಡುತ್ತಿದ್ದಳು. ಕಾರ್ಡಿನ ಮೂಲೆಗೆ ಹಚ್ಚಿದ ಅರಿಶಿನದ ಜಾಗವನ್ನು ಮಾತ್ರ ಮೊದಲೇ ಕತ್ತರಿಸಿ ಬೇರೆ ಇಡುತ್ತಿದ್ದಳು.

"ಅರಿಶ್ನಾನೂ ಆಗಾಕಿಲ್ವಾ ನಿನ್ನ ಮಿಷಿನ್ನಿಗೆ?" ಎಂದು ಅವಳ ಮಾತಿನ ಧಾಟಿಯನ್ನೇ ಅಣಕಿಸಿ ಕೇಳಿದ್ದೆ.

"ಅರಿಶ್ನ ಅಲ್ಲ ಕಣಣ್ಣ, ದೇವ್ರ ತೀರ್ಥ ಬಿಟ್ರೂ ಆಗಾಕಿಲ್ಲ. ಇದುಕ್ಕೆ ಒಣಗಿರ್ಬೇಕು."

ಅವಳದೊಂದು ನೋಟುಪುಸ್ತಕವಿತ್ತು. ಪ್ರತಿ ಸ್ವಿಚ್ಚಿಗೂ ಮಿಷಿನ್ನು ಒಂದು ನಂಬರು ಕೊಟ್ಟಿರುತ್ತದಂತೆ. ಆ ನಂಬರುಗಳ ಎದುರು ಅವಳೇ ಹೆಸರಿಟ್ಟು ಬರೆದಿದ್ದಳು. ಹದಿನೇಳು, ಹುಲಿ ಬಾಯಿ. ಹದಿನೆಂಟು, ಹುಲಿ ಬಾಲ, ಆಗಾಗ ಸೊಟ್ಟಗಾಗುತ್ತೆ. ಇಪ್ಪತ್ಮೂರು, ಚೆಂಡು ಮಲಗೋ ಮನೆ. ನಾನದನ್ನು ಓದಿ ನಗಾಡುತ್ತಿದ್ದೆ. ಆದರೆ ಹೊಟ್ಟೆಯೊಳಗೆ ಸಣ್ಣ ಉರಿ ಇತ್ತು, ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷದಿಂದ ಆ ಆವರಣದಲ್ಲಿ ಏನು ಕೆಟ್ಟರೂ ನನ್ನನ್ನು ಕರೆಯುತ್ತಿದ್ದರು. ಈಗ ಯೂನಿಟ್ಟಿನ ಫ್ಯಾನು ನಿಂತರೂ "ಜಯಮ್ಮನ್ನ ಕರೀರಿ" ಅನ್ನುತ್ತಿದ್ದರು.

ಮೇ ತಿಂಗಳಲ್ಲಿ ಸಾಹುಕಾರರು ಅವಳ ಕೆಲಸ ಮೆಚ್ಚಿ, ಹಾಲಿನ ಹಿಂದಿನ ಎರಡು ಕೋಣೆ ಬಿಟ್ಟುಕೊಡುವುದಾಗಿಯೂ, ಮಗಳನ್ನು ಇಲ್ಲೇ ಹೈಸ್ಕೂಲಿಗೆ ಸೇರಿಸೆಂದೂ ಹೇಳಿದರು. ಆರು ವರ್ಷ ಮಗಳನ್ನು ಬಿಟ್ಟು ಬದುಕಿದವಳು. ಆ ಮಾತು ಕೇಳಿ ಅವಳು ನನ್ನ ಮುಂದೆಯೇ ಕಣ್ಣೊರೆಸಿಕೊಂಡಳು. ಕೋಣೆಗೆ ಸುಣ್ಣ ಬಳಿದಳು. ನನ್ನ ಹೆಂಡತಿ ಅವಳಿಗೆ ಒಂದು ಚಾಪೆಯನ್ನೂ ಎರಡು ಪಾತ್ರೆಯನ್ನೂ ಕೊಟ್ಟಳು. ಮಗಳ ಟಿ.ಸಿ. ತರಲು ನಾಲ್ಕು ದಿನ ರಜೆ ಹಾಕಿ ಊರಿಗೆ ಹೊರಟಾಗ, ಕೀಲಿಯನ್ನು ನನ್ನ ಕೈಗೆ ಕೊಟ್ಟಳು.

"ಏನಾರ ನಿಂತ್ರೆ ಪೇಪರ್ ತಗಂಡು ಒರ್ಸಿ, ಅಷ್ಟೇಯ. ಎಣ್ಣೆ ಮಾತ್ರ ಬ್ಯಾಡ್ರಣ್ಣ. ನಿಮ್ಮ ಕೈ ಸುಮ್ಕಿರಾಕಿಲ್ಲ, ಅದ್ಕೆ ಹೇಳ್ತಾ ಇದೀನಿ."

ಕೊನೆಯ ಮಾತನ್ನು ಅವಳು ಸಲಿಗೆಯಿಂದಲೇ ಹೇಳಿದ್ದು. ನನಗೆ ಮಾತ್ರ ಚುಚ್ಚಿತು.

ಮಾರನೆಯ ದಿನ ಕಣೇಕಲ್ಲಿನಿಂದ ಮದುವೆಗೆ ಬಂದಿದ್ದ ದಿಬ್ಬಣದವರು ಹಾಲಿಗೆ ನುಗ್ಗಿದರು. ಹುಲಿಯ ಬಾಲ ಕೈಕೊಟ್ಟಿತು. ಕಾಗದ ಎಳೆದೆ, ಸರಿಹೋಗಲಿಲ್ಲ. ಈಗ ಗೊತ್ತು, ಎಲೆ ಸೊಟ್ಟಗಾಗಿತ್ತು. ಪುಸ್ತಕದಲ್ಲಿ ಬರೆದೂ ಇತ್ತು. ಸುತ್ತ ಇಪ್ಪತ್ತು ಜನ ನಿಂತಿದ್ದರು. "ಆ ಅಕ್ಕ ಇಲ್ಲೇನ್ರಿ? ನಿಮಗ ಆಗಾಂಗಿಲ್ಲ ಬಿಡ್ರಿ" ಎಂದು ಒಬ್ಬ ಅಂದ. ನನ್ನ ಕೈ ಜೇಬಿಗೆ ಹೋಯಿತು. ಎಣ್ಣೆಡಬ್ಬಿಯ ಮೂತಿಯನ್ನು ಎಲೆಗಳ ನಡುವೆ ಇಟ್ಟು ಎರಡು ತೊಟ್ಟು ಬಿಟ್ಟೆ. ಬೆರಳಲ್ಲಿ ಹಿಂದೆ ಮುಂದೆ ಆಡಿಸಿದೆ. ಆಡಿಸಿದ್ದಕ್ಕೇ ಎಲೆ ನೆಟ್ಟಗಾಗಿರಬೇಕು, ದೀಪ ಹತ್ತಿತು. ದಿಬ್ಬಣದವರು ಚಪ್ಪಾಳೆ ಹೊಡೆದರು.

ಆ ಚಪ್ಪಾಳೆ ನನ್ನ ತಲೆಗೇರಿತು. ಜನ ಹೋಗಿ ಹಾಲ್ ಖಾಲಿಯಾದ ಮೇಲೆ ಮೂರು ಮಿಷಿನ್ನುಗಳನ್ನೂ ಎತ್ತಿ ನಿಲ್ಲಿಸಿ, ಒಂದು ಎಲೆಯನ್ನೂ ಬಿಡದೆ, ಚೆಂಡು ಹೊಡೆಯುವ ಸಲಾಕೆಗಳನ್ನೂ ಬಿಡದೆ, ಎಲ್ಲದಕ್ಕೂ ಎಣ್ಣೆ ಕುಡಿಸಿದೆ. ಜಯಮ್ಮ ಬಂದು ನೋಡಲಿ, ದಿನಾ ಒರೆಸುವ ಕಾಟವೇ ಇಲ್ಲವೆಂದು ತೋರಿಸಬೇಕು ಎಂಬ ಹುಮ್ಮಸ್ಸು.

ಎರಡು ದಿನ ಸರಿಯಾಗಿ ನಡೆದವು. ಗಾಳಿಯ ಮರಳೂ ಯೂನಿಟ್ಟಿನ ನೀಲಿ ಧೂಳೂ ಎಣ್ಣೆಗೆ ಬಂದು ಅಂಟಿಕೊಂಡವು. ಮೂರನೆಯ ದಿನ ಹಡಗು ಅಂಕ ಕೊಡುವುದನ್ನು ನಿಲ್ಲಿಸಿತು. ರೈಲಿನ ಕೈಗಳು ಮೇಲೆದ್ದರೆ ಕೆಳಗಿಳಿಯದಾದವು. ಹುಲಿಯದು ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು. ಚೆಂಡು ತನ್ನ ಮನೆಯಲ್ಲಿ ಸುಮ್ಮನೆ ಮಲಗಿತ್ತು, ಆದರೆ ಅಲ್ಲಿನ ಸ್ವಿಚ್ಚು ಜಿಡ್ಡು ಹಿಡಿದು, ಚೆಂಡು ಇದೆಯೆಂದು ಮಿಷಿನ್ನಿಗೆ ಹೇಳುತ್ತಿರಲಿಲ್ಲ. ಮಿಷಿನ್ನು ಚೆಂಡು ಕಳೆದುಹೋಯಿತೆಂದು ತಿಳಿದು, ಒಳಗಿನ ಎಲ್ಲ ಸಲಾಕೆಗಳನ್ನೂ ಟಕಟಕನೆ ಹೊಡೆಯುತ್ತಾ ಹುಡುಕುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಹುಡುಕುತ್ತಿತ್ತು. ಕೊನೆಗೆ ನಾನೇ ಪ್ಲಗ್ ಕಿತ್ತೆ.

ನಾಲ್ಕನೆಯ ದಿನ ಬೆಳಿಗ್ಗೆ ಸಾಹುಕಾರರು ಅನಂತಪುರದ ಬೀಗರನ್ನು ಹಾಲ್ ತೋರಿಸಲು ಕರೆತಂದರು. ಮೂರೂ ಮಿಷಿನ್ನು ಸತ್ತು ಬಿದ್ದಿದ್ದವು. ಬೀಗರ ಮುಂದೆ ಅವರಿಗೆ ಅವಮಾನವಾಯಿತು. ಅದೇ ಹೊತ್ತಿಗೆ ಜಯಮ್ಮ ಬಸ್ಸಿಳಿದು, ಚೀಲ ಹಿಡಿದುಕೊಂಡೇ ಒಳಗೆ ಬಂದಳು. ಹುಲಿಯ ಮೇಜನ್ನೆತ್ತಿ, ಒಂದು ಎಲೆಯ ಮೇಲೆ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಣ್ಣ, ಎಣ್ಣೆ ಹಾಕಿದ್ರಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದೆಂದಿದ್ದರೆ ಅವಳೇ ನನ್ನ ಪರವಾಗಿ ಸಾಹುಕಾರರಿಗೆ ಸಮಾಧಾನ ಹೇಳುತ್ತಿದ್ದಳು.

"ಇಲ್ಲವ್ವಾ, ನಾ ಯಾಕ ಹಾಕ್ಲಿ" ಅಂದೆ.

ಸಾಹುಕಾರರು ಸಿಡಿದರು. "ಏಮಪ್ಪಾ, ಹಾಲ್ ಒಳಗ ಕೈ ಆಡ್ಸೋರು ನೀವಿಬ್ರ. ದೆವ್ವ ಬಂದು ಎಣ್ಣಿ ಹಾಕೇತೇನು? ಯಾರ್ ಮಾಡೀರಿ, ಹೇಳ್ರಿ ಈಗ."

"ಆಕಿ ಊರಿಗೆ ಹೋಗೋ ದಿನ ಏನೋ ಹಚ್ಚಾಕತ್ತಿದ್ಲರಿ. ನಾ ನೋಡೀನ್ರಿ."

ಈ ಮಾತು ನನ್ನ ಬಾಯಿಂದ ಬಂತು. ತಡವರಿಸಲೂ ಇಲ್ಲ. ನನ್ನ ಹತ್ತು ಬೆರಳಿನಲ್ಲೂ ಎಣ್ಣೆ ಇತ್ತು. ಆದರೆ ನನ್ನ ಬೆರಳಿನಲ್ಲಿ ಎಣ್ಣೆ ಯಾವತ್ತಿಗೂ ಇರುತ್ತದೆ, ಹಾಗಾಗಿ ಅದನ್ನು ಯಾರೂ ನೋಡಲಿಲ್ಲ.

"ನಾನಾ ಅಣ್ಣ?" ಎಂದಳು ಜಯಮ್ಮ. ಮೇಜನ್ನು ಅಲುಗಿಸಿ ಆಣೆ ಮಾಡುವವರನ್ನು ನೋಡುತ್ತಿದ್ದ ಹಾಗೆಯೇ ನನ್ನ ಮುಖವನ್ನು ನೋಡಿದಳು. ನಗಲಿಲ್ಲ. ಸಾಹುಕಾರರ ಕಡೆ ತಿರುಗಿ, "ಟಿ.ಸಿ. ಇಸ್ಕೊಂಡು ಬಂದಿದೀನಿ ಸಾರ್" ಎಂದಳು. ಅವರು ಬೀಗರ ಜೊತೆ ಆಗಲೇ ಬಾಗಿಲು ದಾಟಿದ್ದರು. "ಇವತ್ತೇ ಕೋಣಿ ಖಾಲಿ ಮಾಡ್ಸು ತಿಪ್ಪೇಸ್ವಾಮಿ" ಎಂದು ಹೋಗುತ್ತಲೇ ಹೇಳಿದರು.

ಖಾಲಿ ಮಾಡಲು ಅಲ್ಲಿ ಏನಿತ್ತು. ನನ್ನ ಹೆಂಡತಿ ಕೊಟ್ಟ ಚಾಪೆ, ಪಾತ್ರೆಗಳನ್ನು ಅವಳು ಗೋಡೆಗೆ ಒರಗಿಸಿಟ್ಟು ಹೋದಳು. ಡಬ್ಬಿಯೂ ನೋಟುಪುಸ್ತಕವೂ ಹುಲಿಯ ಕೆಳಗೇ ಉಳಿದವು. ನಾನು ಹಾಲಿನ ಬಾಗಿಲಲ್ಲಿ ನಿಂತು ಎದುರಿನ ಬಸ್‌ಸ್ಟ್ಯಾಂಡ್ ನೋಡುತ್ತಿದ್ದೆ. ಅವಳು ಕಟ್ಟೆಯ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಬಾಗಿಲಿನ ಕಡೆಗೇ ಮುಖ ಮಾಡಿ ಕೂತಿದ್ದಳು. ಅವಳ ದಾರಿಯ ಕಲ್ಯಾಣದುರ್ಗದ ಬಸ್ಸು ಬಂತು, ಅವಳು ಹತ್ತಲಿಲ್ಲ. ಇನ್ನೊಂದು ಬಂತು, ಅದೂ ಹೋಯಿತು. ನೇರ ಮಡಕಶಿರಾಕ್ಕೇ ಹೋಗುವ ಬಸ್ಸಿಗೆ ಕಾಯುತ್ತಿರಬೇಕು ಎಂದುಕೊಂಡೆ. ಅಂಥ ಬಸ್ಸು ಆ ಹೊತ್ತಿನಲ್ಲಿ ಇಲ್ಲವೆಂದು ನನಗೆ ಗೊತ್ತಿತ್ತು. ಮೂರನೆಯದಕ್ಕೆ ಹತ್ತಿದಳು.

ಏಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೆಲಸ ಹೋಗುವ ಭಯ ಅಂದುಕೊಂಡರೆ ಮನಸ್ಸಿಗೆ ಸ್ವಲ್ಪ ಹಗುರ. ಆದರೆ ಅದು ನಿಜವಲ್ಲ. ಅರವತ್ತು ಮಿಷಿನ್ನಿಗೆ ನಾನೊಬ್ಬನೇ ಇದ್ದೆ, ಸಾಹುಕಾರರು ನನ್ನನ್ನು ಬಿಡುವಂತಿರಲಿಲ್ಲ. ಅರ್ಧ ಗಂಟೆ ಬೈದು ಸಂಜೆಗೆ ಮರೆಯುತ್ತಿದ್ದರು. ಆ ಅರ್ಧ ಗಂಟೆಯ ಬೈಗುಳ ತಪ್ಪಿಸಿಕೊಳ್ಳಲು, ಅದಕ್ಕಿಂತ ಹೆಚ್ಚಾಗಿ ಅವಳ ಮಾತೇ ಸರಿ ಎಂದು ಒಪ್ಪುವುದನ್ನು ತಪ್ಪಿಸಿಕೊಳ್ಳಲು, ನಾನೊಬ್ಬ ತಾಯಿಯ ಎರಡು ಕೋಣೆ ಕಿತ್ತುಕೊಂಡೆ.

ಜೂನಿನಲ್ಲಿ ಮೊದಲ ಮಳೆ ಬಿತ್ತು. ಅಷ್ಟರಲ್ಲಿ ನಾನು ಅವಳ ಪುಸ್ತಕ ನೋಡಿ, ಅವಳು ಕತ್ತರಿಸಿಟ್ಟ ಪಟ್ಟಿಗಳಿಂದ ಒಂದೊಂದೇ ಎಲೆ ಒರೆಸಿ, ಹುಲಿಯನ್ನು ಬದುಕಿಸಿದ್ದೆ. ಸಾಹುಕಾರರು ಬೆನ್ನು ತಟ್ಟಿ, "ನೋಡು, ಆಕಿಗಿಂತ ನೀನ ವಾಸಿ" ಎಂದರು. ಬೆನ್ನು ತಟ್ಟಿಸಿಕೊಂಡೆ. ಮಳೆಗಾಲ ಮುಗಿಯುವುದರೊಳಗೆ ಅವರ ಹುಚ್ಚು ಇಳಿದು ಹಾಲ್ ಮುಚ್ಚಿತು, ಮಿಷಿನ್ನುಗಳು ಗುಜರಿಗೆ ಹೋದವು. ಪುಸ್ತಕ ಮತ್ತು ಡಬ್ಬಿ ನನ್ನಲ್ಲೇ ಉಳಿದವು. ಆಮೇಲೆ ಹೊಲಿಗೆ ಮಿಷಿನ್ನುಗಳಿಗೂ ಸ್ವಿಚ್ಚು, ಕಣ್ಣು, ಅಂದರೆ ಸೆನ್ಸರ್‌ಗಳು, ಎಲ್ಲ ಬಂದವು. ಎಣ್ಣಿ ತಿಪ್ಪೇಸ್ವಾಮಿ ಹೋಗಿ ನಾನು ಸೆನ್ಸರ್ ತಿಪ್ಪೇಸ್ವಾಮಿಯಾದೆ.

ಹೋದ ತಿಂಗಳು ಚಹಾ ಕುಡಿಯದೆ ಎದ್ದುಬಂದ ಆ ದಿನದ ಮಾರನೆಯ ಬೆಳಿಗ್ಗೆ, ಪುಸ್ತಕ ಚೀಲಕ್ಕೆ ಹಾಕಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಪಾವಗಡ, ಅಲ್ಲಿಂದ ಮಡಕಶಿರಾ. ಅಲ್ಲಿ ರೊಳ್ಳಕ್ಕೆ ಹೋಗುವ ಆಟೋಗಳು ನಿಲ್ಲುವಲ್ಲಿ ಮಿಷಿನ್ ರಿಪೇರಿ ಮಾಡುವ ಜಯಮ್ಮ ಎಂದು ಕೇಳಿದ್ದಕ್ಕೆ, "ಸ್ಟಾರ್ಟರ್ ಜಯಕ್ಕನಾ?" ಎಂದು ಎದುರಿನ ಓಣಿ ತೋರಿಸಿದರು. ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಗಳು ಬಾಗಿಲವರೆಗೂ ಪೇರಿಸಿದ್ದವು. ಅವಳು ನೆಲದ ಮೇಲೆ ಕೂತು, ಒಂದು ಡಬ್ಬಿಯ ತಾಮ್ರದ ಕಾಂಟ್ಯಾಕ್ಟಿಗೆ ಅರ ಹಾಕುತ್ತಿದ್ದಳು. ತಲೆ ಅಲ್ಲಲ್ಲಿ ನೆರೆತಿತ್ತು. ನನ್ನನ್ನು ಒಮ್ಮೆಗೇ ಗುರುತಿಸಿದಳು.

"ಬರ್ರಣ್ಣ, ಕುಂತ್ಕಳ್ರಿ. ಅತ್ತಿಗೆ ಚೆನ್ನಾಗವ್ರಾ?"

ಕೂರಲು ನನಗೆ ಮನಸ್ಸಾಗಲಿಲ್ಲ. ನಿಂತೇ ಪವಿತ್ರಳನ್ನು ಕೇಳಿದೆ. ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳಂತೆ. ಆ ವರ್ಷ ಟಿ.ಸಿ. ವಾಪಸು ಕೊಡಲು ಹೋದಾಗ ಹಳೆಯ ಸ್ಕೂಲಿನಲ್ಲಿ ಸೀಟಿಲ್ಲವೆಂದರಂತೆ, ಹುಡುಗಿ ಒಂದು ವರ್ಷ ಮನೆಯಲ್ಲೇ ಕೂತಳಂತೆ. ಜಯಮ್ಮ ಇದನ್ನು ನನ್ನ ಮೇಲೆ ದೂರು ಹೇಳುವಂತೆ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರವೆಂಬಂತೆ ಹೇಳಿ ಅರ ಹಾಕುವುದನ್ನು ಮುಂದುವರಿಸಿದಳು. ನಾನು ಪುಸ್ತಕವನ್ನು ಅವಳ ಮುಂದಿಟ್ಟೆ.

"ಎಣ್ಣಿ ಹಾಕಿದ್ದು ನಾನವ್ವಾ. ಸುಳ್ಳು ಹೇಳಿದ್ದೂ ನಾನ. ಅದನ್ನ ಹೇಳಾಕ ಬಂದೀನಿ."

ಅವಳು ಅರ ಕೆಳಗಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ತೆಗೆದು, ಹುಲಿ ಬಾಲದ ಪುಟ ನೋಡಿ ಮುಚ್ಚಿದಳು.

"ಗೊತ್ತು ಕಣಣ್ಣ. ಅವತ್ತೇ ಗೊತ್ತಿತ್ತು, ಮೂಸಿ ನೋಡಿದ್ನಲ್ಲ. ಬಾಗಿಲಾಗೆ ನಿಂತಿದ್ರಲ್ಲ ನೀವು, ಈಗ ಬತ್ತೀರ, ಇನ್ನೊಂದೀಟು ಹೊತ್ಗೆ ಬತ್ತೀರ ಅಂತ ಎರಡು ಬಸ್ಸು ಬಿಟ್ಟೆ."

ಆ ಎರಡು ಬಸ್ಸನ್ನೂ ನಾನು ನೋಡಿದ್ದೆ.